ದೊರೆಯ ಗೂಡಿನ ಚಿಲಕ

ಆ ಗೂಡಿಗೆ ಎಷ್ಟು ಖರ್ಚಾಯಿತು ಎಂದು ಬೀದಿಯವರು ಕೇಳಿದಾಗಲೆಲ್ಲ ಮಗ ಕಬ್ಬಿಣದ ಲೆಕ್ಕ ಒಪ್ಪಿಸುತ್ತಿದ್ದ. ಚೌಕದ ಪೈಪು ಶಾಲೆಯ ಗೇಟಿನ ಕೆಲಸದಲ್ಲಿ ಮಿಕ್ಕಿದ್ದು, ಅದಕ್ಕೆ ದುಡ್ಡಿಲ್ಲ. ಪ್ಲಾಸ್ಟಿಕ್ ಹೊದಿಸಿದ ಜಾಲರಿ, ಬಿಸಿ ಕೊಡುವ ಬಲ್ಬು, ಬಿಸಿಲಿನಂಥ ಬೆಳಕು ಕೊಡುವ ಟ್ಯೂಬು, ನೀರು ಚಿಮುಕಿಸುವ ಡಬ್ಬಿ, ಇವೆಲ್ಲ ಸೇರಿ ಎರಡು ತಿಂಗಳ ದಿನಸಿಯ ದುಡ್ಡು. ಅವನ ತಾಯಿಯ ಲೆಕ್ಕ ಬೇರೆ ಇತ್ತು, ಅದನ್ನು ಅವಳು ಯಾರಿಗೂ ಒಪ್ಪಿಸುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿದ್ದ ಅವಳ ಮಂಚ ಅಡುಗೆಮನೆಗೆ, ಒಲೆಯ ಮಗ್ಗುಲಿಗೆ ಹೋಯಿತು. ಸೊಸೆಯ ಹೊಲಿಗೆ ಮಿಷನ್ನು ಕಿಟಕಿಯ ಪಕ್ಕದಿಂದ ಬಚ್ಚಲ ಗೋಡೆಗೆ ಹೋಯಿತು. ಮನೆಗೆ ಇದ್ದದ್ದು ಅದೊಂದೇ ಒಳ್ಳೆಯ ಕಿಟಕಿ. "ಮಿಷನ್ನಿಗೆ ಬೆಳಕು ಬೇಕಲ್ಲ ರೀ" ಎಂದದ್ದಕ್ಕೆ ಸೊಸೆಯ ಎಡಗಿವಿಯ ಮೇಲೆ ಒಂದು ಬಿತ್ತು. ಅದನ್ನೂ ಆ ತಾಯಿ ಗೂಡಿನ ಖರ್ಚಿಗೇ ಸೇರಿಸಿಕೊಂಡಿದ್ದಳು.

ಮೊಮ್ಮಗಳು ಪುಟ್ಟಿ ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವಳು ಅಜ್ಜಿಯೇ ಆಗಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು, ಆ ಸಂಬಳದಲ್ಲಿ ಈ ಮನೆ ಮಾಡಿದವಳು. ಮನೆ ಅವಳ ಹೆಸರಿನಲ್ಲೇ ಇತ್ತು. ಮಗನನ್ನು ಬೀದಿಯವರು ವೆಲ್ಡರ್ ಎನ್ನುತ್ತಿದ್ದರು. ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ, ಅವನು ಮಾಡಿದ್ದು ಅಲ್ಲಾಡುತ್ತದೆ ಎಂದು ಇಲ್ಲಿಯವರೆಗೆ ಒಬ್ಬರೂ ದೂರು ತಂದವರಿಲ್ಲ. ದೂರು ತರಬೇಕಾದ ಒಬ್ಬಳು ಮನೆಯೊಳಗೇ ಇದ್ದಳು, ಅವಳು ತರುತ್ತಿರಲಿಲ್ಲ.

ಪ್ರಾಣಿ ಬಂದದ್ದು ಒಂದು ಗೇಟಿನ ಜೊತೆ. ದೊಡ್ಡ ಮನೆಯೊಂದಕ್ಕೆ ಗೇಟು ಕೂರಿಸಲು ಹೋಗಿದ್ದಾಗ ಆ ಮನೆಯವರು ಊರು ಬಿಡುವ ತರಾತುರಿಯಲ್ಲಿದ್ದರು. ಮೀನಿನ ಗಾಜಿನ ಪೆಟ್ಟಿಗೆಯಲ್ಲಿ ಬಾಲ ಮಡಚಿಕೊಂಡು ಕೂತಿದ್ದ ಇಗ್ವಾನಾವನ್ನು ಯಾರಿಗಾದರೂ ದಾಟಿಸಬೇಕಿತ್ತು. ಮಗ ಅದನ್ನು ಗೋಣಿಚೀಲದಲ್ಲಿ ಹಾಕಿ, ಬೈಕಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದ. ಚೀಲ ಬಿಚ್ಚಿದಾಗ ಅಜ್ಜಿಗೆ ಕಂಡದ್ದು ತೋಳುದ್ದದ ಹಸಿರು ಮೈ, ಬೆನ್ನ ಮೇಲೆ ಬಾಚಣಿಗೆಯಂಥ ಮುಳ್ಳು, ಗಂಟಲ ಕೆಳಗೆ ಜೋಲುವ ತೊಗಲು.

"ಇದೇನೋ, ಓತಿಕ್ಯಾತದ ದೊಡ್ಡಪ್ಪನ್ನ ಹಿಡ್ಕೊಂಡು ಬಂದಿದೀಯ" ಎಂದಳು.

"ದೊರೆ ಅಂತ ಕರಿ ಅಮ್ಮ. ಮುಖ ನೋಡು, ಯಾರಿಗಾದ್ರೂ ಹೆದರೋ ಮುಖಾನಾ ಅದು?"

ಊಟಕ್ಕೆ ಕೂತಾಗಲೂ ಅದೇ ಮಾತು. ಪ್ರಾಣಿವೈದ್ಯೆಯ ಹತ್ತಿರ ಹೋಗಿ ಎಲ್ಲವನ್ನೂ ಕೇಳಿಕೊಂಡು ಬಂದಿದ್ದ. ಇದು ಮರದ ಮೇಲೆ ಇರುವ ಪ್ರಾಣಿ, ಆದ್ದರಿಂದ ಗೂಡು ಎತ್ತರವಾಗಿರಬೇಕು. ಮೇಲೆ ಬಿಸಿ, ಕೆಳಗೆ ತಂಪು, ತನಗೆ ಬೇಕಾದ ಕಡೆ ಅದೇ ಹೋಗಿ ಕೂರುತ್ತದೆ. ಗಾಳಿಯಲ್ಲಿ ತೇವ ಇರಬೇಕು, ಹೆದರಿದರೆ ಅಡಗಲು ಒಂದು ಮರೆ ಬೇಕು, ಮೂತಿ ತಾಗುವ ಕಡೆ ಒಂದೇ ಒಂದು ಚೂಪು ತಂತಿ ಇರಬಾರದು. ಇದು ಆಳುದ್ದ ಬೆಳೆಯುತ್ತದೆ, ಈಗಲೇ ಮನುಷ್ಯರು ಒಳಗೆ ಹೋಗಿ ನಿಲ್ಲುವಷ್ಟು ದೊಡ್ಡದು ಮಾಡಿಬಿಡಿ ಎಂದಿದ್ದಳಂತೆ.

"ಪಾಪ, ಬಾಯಿಲ್ಲದ ಪ್ರಾಣಿ. ನೋವಾದ್ರೂ ಹೇಳೋಕೆ ಬರಲ್ಲ ಅದಕ್ಕೆ" ಎಂದು ಅವನು ಅನ್ನ ಕಲಸುತ್ತ ಹೇಳಿದಾಗ ಅವನ ಕಣ್ಣು ನಿಜವಾಗಿಯೂ ತೇವವಾಗಿತ್ತು. ಸೊಸೆ ಬೇಳೆಯ ಸೌಟು ಹಿಡಿದು ನಿಂತವಳು ಗಂಡನ ಮುಖವನ್ನೇ ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು. ಅಜ್ಜಿ ತಟ್ಟೆಯ ಕಡೆ ಬಗ್ಗಿದಳು.

ಗೂಡನ್ನು ಅವನು ಕಾರ್ಖಾನೆಯಲ್ಲಿ ಕೂಡಿಸಲಿಲ್ಲ. ಅಷ್ಟು ದೊಡ್ಡದು ಬಾಗಿಲಲ್ಲಿ ತೂರುವುದಿಲ್ಲ ಎಂದು ಪೈಪು, ವೆಲ್ಡಿಂಗ್ ಮಿಷನ್ನು ಎಲ್ಲ ತಂದು ಮುಂದಿನ ಕೋಣೆಯಲ್ಲೇ ಬೆಸೆಯಲು ಕೂತ. ವಾರಗಟ್ಟಲೆ ಮನೆಯೊಳಗೆ ಕಿಡಿ ಹಾರಿತು, ಅನ್ನಕ್ಕೂ ಸುಟ್ಟ ಕಬ್ಬಿಣದ ವಾಸನೆ ಹತ್ತಿತು. ಸೊಸೆ ಹೊಲಿಯುತ್ತಿದ್ದ ಶಾಲೆಯ ಬಿಳಿ ಅಂಗಿಗಳ ಮೇಲೆ ಮಸಿ ಕೂತು ಒಂದು ಗಂಟು ಪೂರಾ ವಾಪಸು ಬಂತು. ಆದರೆ ಕೆಲಸವೆಂದರೆ ಅದು ಕೆಲಸ. ಅಜ್ಜಿ ಒಲೆಯ ಮುಂದೆ ಸೊಪ್ಪು ಬಿಡಿಸುತ್ತ ಮಗನ ಕೈ ನೋಡುತ್ತಿದ್ದಳು. ಒಂದೊಂದು ಅಂಚನ್ನೂ ಅರದಿಂದ ಉಜ್ಜಿ, ಅದರ ಮೇಲೆ ಹಳೆಯ ಬನಿಯನ್ ಬಟ್ಟೆ ಎಳೆಯುತ್ತಿದ್ದ. ಎಲ್ಲಾದರೂ ಒಂದು ನೂಲು ಸಿಕ್ಕಿಕೊಂಡರೆ ಮತ್ತೆ ಉಜ್ಜು. ಕೊನೆಗೆ ಕಣ್ಣು ಮುಚ್ಚಿ ಕೆನ್ನೆಯನ್ನೇ ಕಂಬಿಯ ಮೇಲೆ ಸವರಿ ನೋಡುತ್ತಿದ್ದ.

ಪ್ರತಿ ಬೆಸುಗೆ ಆರಿದ ಮೇಲೆ ಸುತ್ತಿಗೆಯಿಂದ ಬಲವಾಗಿ ಹೊಡೆಯುತ್ತಿದ್ದ. ಸದ್ದಿಗೆ ಪುಟ್ಟಿ ಪ್ರತಿ ಸಲವೂ ಹೆಗಲು ಕುಗ್ಗಿಸುತ್ತಿದ್ದಳು.

"ಯಾಕಪ್ಪ ಹೊಡಿತೀಯ, ಚೆನ್ನಾಗೇ ಕೂತಿದೆಯಲ್ಲ?"

"ಹೊಡೆದು ನೋಡ್ದೆ ಬೆಸುಗೆ ಗಟ್ಟಿ ಇದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ ಮರಿ? ತಡ್ಕೊಂಡ್ರೆ ಒಳ್ಳೇದು. ಬಿಟ್ಟುಹೋದ್ರೆ ಮೊದಲೇ ಕೆಟ್ಟದಿತ್ತು ಅಂತ ಅರ್ಥ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆ ತಲೆಯೆತ್ತದೆ, ಅತ್ತೆಗೆ ಮಾತ್ರ ಕೇಳಿಸುವಂತೆ, "ನನ್ನನ್ನೂ ಹಾಗೇ ನೋಡ್ತಿದಾರೆ, ಮದುವೆಯಾದಾಗಿನಿಂದ" ಎಂದಳು.

"ಸುಮ್ನಿರು ಕಣೇ, ಈಗ ಅವನ ತಲೆ ನೆಟ್ಟಗಿದೆ" ಎಂದಳು ಅಜ್ಜಿ. ಅವಳಿಗೆ ಬಾಯಿಗೆ ಬರುತ್ತಿದ್ದದ್ದು ಅದೊಂದೇ ಮಾತು. ಸುಮ್ಮನಿರು, ಇವತ್ತು ಅವನ ತಲೆ ಕೆಟ್ಟಿದೆ. ಸುಮ್ಮನಿರು, ಇವತ್ತು ನೆಟ್ಟಗಿದೆ, ಕೆಡಿಸಬೇಡ. ಅವಳ ಗಂಡನೂ ಕೈ ಎತ್ತುತ್ತಿದ್ದವನೇ, ಅವನು ಸತ್ತ ಮೇಲೆಯೇ ಅವಳ ಬೆನ್ನಿಗೆ ಬಿಡುವು ಸಿಕ್ಕಿದ್ದು. ಮನೆಯಲ್ಲಿ ಏಟು ಶುರುವಾದರೆ ಅವಳ ಕೈ ತಾನಾಗಿ ಅಡುಗೆಮನೆಯ ರೇಡಿಯೋ ಕಡೆ ಹೋಗುತ್ತಿತ್ತು. ಗುಂಡಿ ತಿರುಗಿಸಿ ಹಾಡು ಜೋರು ಮಾಡಿದರೆ ಬೀದಿಗೆ ಹಾಡು ಮಾತ್ರ ಕೇಳುತ್ತಿತ್ತು. ಆಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ ಸೊಸೆಯ ಕೈಗೆ ಕೊಡುವುದು. ಸೊಸೆಯ ಪಕ್ಕೆಲುಬು ಬಿರಿದಿದ್ದಾಗ ಆಸ್ಪತ್ರೆಯಲ್ಲಿ "ಬಚ್ಚಲಲ್ಲಿ ಜಾರಿಬಿಟ್ಟಳು ಡಾಕ್ಟ್ರೇ" ಎಂದು ಸಲೀಸಾಗಿ ಹೇಳಿದ್ದೂ ಅಜ್ಜಿಯೇ. ಆ ಸಲ ಸೊಸೆ ಮಲಗುವ ಕೋಣೆಗೆ ಓಡಿ ಚಿಲಕ ಹಾಕಿಕೊಂಡಿದ್ದಳು, ಅವನು ಒದ್ದ ಒದೆತಕ್ಕೆ ಚಿಲಕ ಕಿತ್ತು ಬಂದಿತ್ತು. ಊರಿಗೆಲ್ಲ ಬಾಗಿಲು ಭದ್ರ ಮಾಡುವವನ ಮನೆಯಲ್ಲಿ ಆ ಚಿಲಕ ಒಂದೇ ತಿರುಪಿನಲ್ಲಿ ಜೋತಾಡುತ್ತ ಹಾಗೇ ಉಳಿದಿತ್ತು.

ಗೂಡಿಗೆ ಮಾತ್ರ ಎರಡು ಚಿಲಕ ಮಾಡಿದ. ಹೊರಗೊಂದು, ಒಳಗೊಂದು. ಒಳಗೆ ಯಾಕೆ ಎಂದು ಅಜ್ಜಿ ಕೇಳಿದಳು.

"ಗುಡಿಸೋಕೆ ಒಳಗೆ ಹೋದಾಗ ಬಾಗಿಲು ಸುಮ್ನೆ ಎಳ್ಕೊಂಡ್ರೆ ಸಾಲಲ್ಲ ಅಮ್ಮ. ಬಾಲದಲ್ಲಿ ಒಂದು ಬಿಟ್ಟ ಅಂದ್ರೆ ಬಾಗಿಲು ತೆಕ್ಕೊಂಡು ಬೀದಿಗೇ ಓಡ್ತಾನೆ. ಒಳಗೆ ಹೋದೋರು ಹಾಕ್ಕೊಂಡೇ ಕೆಲಸ ಮಾಡ್ಬೇಕು." ಬೆರಳು ದಪ್ಪದ ಸರಳು ಕಾಯಿಸಿ, ಬಡಿದು, ಆ ಚಿಲಕವನ್ನು ತಾನೇ ಮಾಡಿದ್ದ. ಒಳಚಿಲಕ ಹಾಕಿಸಿ, ಹೊರಗಿನಿಂದ ಎಳೆದು, ಸುತ್ತಿಗೆಯಿಂದ ಹೊಡೆದು ನೋಡಿ, "ಈಗ ಆನೆ ಬಂದ್ರೂ ಇದು ಬಿಡಲ್ಲ" ಎಂದು ಹೆಮ್ಮೆಯಿಂದ ನಕ್ಕಿದ್ದ.

ಎರಡು ವಿಷಯದಲ್ಲಿ ಅವನು ತನ್ನ ಬುದ್ಧಿಯನ್ನೇ ನಂಬಿದ. ಬಲ್ಬಿನ ಕೆಳಗೆ ದೊರೆ ಬಿಸಿ ಕಾಯಿಸಿಕೊಳ್ಳಲು ಒಂದು ಅಟ್ಟಣೆ ಬೇಕಿತ್ತು. ಮರದ ಹಲಗೆ ತೇವಕ್ಕೆ ಕೊಳೆಯುತ್ತದೆ ಎಂದು ಕಬ್ಬಿಣದ ತಗಡಿನಲ್ಲೇ ಮಾಡಿದ. ವೈದ್ಯೆ ಹೇಳಿದ್ದ ಥರ್ಮಾಮೀಟರ್ ಒಂದನ್ನು ಕೊಳ್ಳಲಿಲ್ಲ. "ಹುಟ್ಟಿದಾಗಿಂದ ಬೆಂಕಿ ಜೊತೆ ಕೆಲಸ ಮಾಡ್ತಿರೋನಿಗೆ ಬಿಸಿ ಎಷ್ಟು ಅಂತ ಗಾಜಿನ ಕಡ್ಡಿ ಹೇಳ್ಬೇಕಾ" ಎಂದು, ಬಲ್ಬು ಹಾಕಿ, ತಗಡಿನ ಮೇಲೆ ಅಂಗೈ ಊರಿ, "ಉಗುರುಬೆಚ್ಚಗಿದೆ, ಸರಿಯಾಗಿದೆ" ಎಂದ.

ಗೂಡು ಕಟ್ಟಿದ್ದು ಅವನಾದರೂ ಅದರ ಚಾಕರಿ ಬಿದ್ದದ್ದು ಸೊಸೆಗೆ. ಬೆಳಗಾದರೆ ದಂಟಿನ ಎಲೆ, ಕುಂಬಳಕಾಯಿ, ದಾಸವಾಳದ ಹೂವು ಸಣ್ಣಗೆ ಹೆಚ್ಚಬೇಕು. ನೀರು ಚಿಮುಕಿಸಬೇಕು, ಹಿಕ್ಕೆ ತೆಗೆಯಬೇಕು, ನೀರಿನ ಬೋಗುಣಿ ತಿಕ್ಕಬೇಕು. ದೊರೆಗೆ ಸಂತೆಯ ಮೊದಲ ಸೊಪ್ಪು, ಮನೆಯವರಿಗೆ ನೀರಾದ ಬೇಳೆ. ಪುಟ್ಟಿ ತಮಾಷೆಗೆ, ನಾನೂ ಗೂಡೊಳಗೆ ಹೋಗಿ ಕೂತ್ರೆ ನನಗೂ ಕುಂಬಳಕಾಯಿ ಸಿಗುತ್ತಾ ಎಂದು ಕೇಳಿದಳು. ಅಜ್ಜಿಗೆ ನಗು ಬಂತು. ಸೊಸೆಗೆ ಬರಲಿಲ್ಲ.

ಮೊದಲ ವಾರದಲ್ಲೇ ಅವಳು ಗಂಡನಿಗೆ ಹೇಳಿದಳು. ಕೂಸಿಗೆ ಸ್ನಾನದ ನೀರು ನೋಡುವ ಹಾಗೆ ಮೊಣಕೈ ತಾಗಿಸಿ ನೋಡಿದ್ದಳು.

"ರೀ, ಆ ತಗಡು ಸುಡ್ತಿದೆ. ಮೇಲೊಂದು ಹಲಗೆ ಹಾಕಿ."

"ನನ್ನ ಕೈಗೆ ಏನೂ ಆಗಿಲ್ಲ."

"ನಿಮ್ಮ ಕೈ ಬೇರೆ ರೀ."

"ಹೂಂ. ಸೂಜಿ ಹಿಡಿಯೋ ಕೈಗೆ ಎಲ್ಲಾ ಸುಡುತ್ತೆ. ನೀನು ಸೊಪ್ಪು ಹೆಚ್ಚು, ಸಾಕು."

ಅವನು ಹೊರಗೆ ಹೋದ ಮೇಲೆ ಅಜ್ಜಿಯೂ ಗೂಡೊಳಗೆ ಕೈ ಹಾಕಿ ಮೊಣಕೈ ತಾಗಿಸಿದಳು, ಚಟ್ಟನೆ ಎಳೆದುಕೊಂಡಳು. ಸೊಸೆ ಹೇಳಿದ್ದು ನಿಜ. ಸಂಜೆ ಮಗ ಬಂದಾಗ ಹೇಳಬೇಕೆಂದುಕೊಂಡಳು. ಅವನು ಬಂದದ್ದೇ ಸೀಟಿ ಹಾಕುತ್ತ ದೊರೆಯ ಗಂಟಲು ತುರಿಸುತ್ತ ನಿಂತ. ಮನೆಯಲ್ಲಿ ಏಟಿಲ್ಲದ ವಾರ ಅದು. ಅಜ್ಜಿ ಬಾಯಿ ಮುಚ್ಚಿಕೊಂಡು ಅವನಿಗೆ ಚಹಾ ಕೊಟ್ಟಳು.

ಶಾಂತಿ ಬಹಳ ದಿನ ಉಳಿಯಲಿಲ್ಲ. ಹೆಚ್ಚಿದ ಸೊಪ್ಪಿನಲ್ಲಿ ದಪ್ಪ ದಂಟು ಸಿಕ್ಕಿತೆಂದು ತಟ್ಟೆ ಗೋಡೆಗೆ ಹೋಯಿತು. ನೀರಿನ ಬೋಗುಣಿಯಲ್ಲಿ ಎಲೆ ತೇಲುತ್ತಿತ್ತೆಂದು ಸೊಸೆಯ ಜುಟ್ಟು ಅವನ ಕೈಗೆ ಹೋಯಿತು. ಗೂಡಿನ ಮುಂದೆಯೇ ಅವಳನ್ನು ಬಗ್ಗಿಸಿ, "ನೋಡು, ಇದನ್ನ ನೀನು ಕುಡೀತೀಯಾ" ಎಂದು ಬೋಗುಣಿಗೆ ಮುಖ ಒತ್ತಿದ. ಅಜ್ಜಿ ರೇಡಿಯೋ ಜೋರು ಮಾಡಿದಳು. ಹವಾಮಾನದ ಸುದ್ದಿ ಬರುತ್ತಿತ್ತು, ಅದನ್ನೇ ಜೋರು ಮಾಡಿದಳು. ಇಸ್ತ್ರಿ ಅಂಗಡಿಯವಳು ಮರುದಿನ, "ನಿಮ್ಮನೇಲಿ ಮಳೆ ಸುದ್ದಿ ಅಂದ್ರೆ ಅಷ್ಟು ಇಷ್ಟನಾ ಅಜ್ಜಿ?" ಎಂದು ಕೇಳಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ದೊರೆ ಮೇಲಿನ ಅಟ್ಟಣೆಗೆ ಹತ್ತುತ್ತಿಲ್ಲವೆಂದು ಮೊದಲು ಕಂಡುಕೊಂಡದ್ದು ಪುಟ್ಟಿ. ಅದು ಕೆಳಗೆ ಮೂಲೆಯಲ್ಲಿ ಮುದುಡಿಕೊಂಡಿತ್ತು, ಹಸಿರು ಮೈ ಕಂದುಗಟ್ಟಿತ್ತು, ಸೊಪ್ಪು ಮುಟ್ಟುತ್ತಿರಲಿಲ್ಲ. ಅಂದು ಕೆಲಸವಿಲ್ಲದ ದಿನ. ಮಗ ಅದನ್ನು ಎತ್ತಿ ತಿರುಗಿಸಿದ. ಹೊಟ್ಟೆಯ ತೊಗಲು ಬೆಂದು ಸುಲಿದು, ಕೀವು ಕಟ್ಟಿತ್ತು. ಅವನು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪುಟ್ಟಿಯನ್ನು ಬೈಕಿನ ಹಿಂದೆ ಕೂರಿಸಿ ಅವಳ ಮಡಿಲಿಗೆ ಕೊಟ್ಟು, ವೈದ್ಯೆಯ ಹತ್ತಿರ ಹೋದ.

ಮಧ್ಯಾಹ್ನ ಅವರು ತಿರುಗಿ ಬಂದಾಗ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮಗ ಬಲ್ಬು ಆರಿಸಿ, ದೊರೆಯನ್ನು ಕೆಳಗಿನ ಮರೆಯಲ್ಲಿ ಹೂವು ಇಟ್ಟ ಹಾಗೆ ಇಟ್ಟ, ಮುಲಾಮು ಹಚ್ಚಿದ ಹೊಟ್ಟೆಯ ಕೆಳಗೆ ಮೆತ್ತನೆ ಬಟ್ಟೆ ಹಾಸಿದ. ಹೊರಗೆ ಬಂದು ಬಾಗಿಲು ಮೆಲ್ಲಗೆ ಎಳೆದ. ಆಮೇಲೆ ತಿರುಗಿದ.

"ಬಲ್ಬು ಕೆಳಗಿಳಿಸಿದ್ದು ಯಾರು?"

"ನಾನು ಮುಟ್ಟಿಲ್ಲ" ಎಂದಳು ಸೊಸೆ. "ಸುಡ್ತಿದೆ ಅಂತ ಅವತ್ತೇ ಹೇಳಿದ್ದೆ ನಿಮಗೆ."

ಮೊದಲ ಏಟಿಗೆ ಅವಳು ಮಿಷನ್ನಿನ ಮೇಲೆ ಹೋಗಿ ಬಿದ್ದಳು. ಎರಡನೆಯದಕ್ಕೆ ಮಿಷನ್ನೂ ಅವಳೂ ಒಟ್ಟಿಗೆ ನೆಲಕ್ಕೆ. ಅವನು ಕಾಲಿನಿಂದಲೂ ಶುರುಮಾಡಿದ. ಅಜ್ಜಿಯ ಕೈ ರೇಡಿಯೋ ಗುಂಡಿಯ ಮೇಲಿತ್ತು. ಹಾಡು ಮನೆ ತುಂಬಿತು. ಆ ಹಾಡಿನ ಮೇಲಿಂದ ಪುಟ್ಟಿಯ ದನಿ ಕೇಳಿಸಿತು, ಕೂಗಲ್ಲ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ.

"ಡಾಕ್ಟರಮ್ಮ ಬೈದದ್ದು ನಿನ್ನನ್ನ, ಅಪ್ಪ. ತಗಡು ಹಾಕಿದ್ದು ಯಾರು ಅಂತ ಕೇಳಿದ್ರು, ನೀನು ಮಾತಾಡಲಿಲ್ಲ. ತಗಡು ಹಾಕಿದ್ದು ನೀನು."

ಅಲ್ಲಿಯವರೆಗೆ ಅವನು ಮಗಳ ಮೇಲೆ ಕೈ ಮಾಡಿದವನಲ್ಲ. ಅಜ್ಜಿ ಆ ಮನೆಯಲ್ಲಿ ಹಿಡಿದುಕೊಂಡಿದ್ದ ಧೈರ್ಯ ಅದೊಂದೇ. ಈಗ ಅವನ ಕೈ ಹೋದದ್ದು ಎಷ್ಟು ಜೋರಾಗಿತ್ತೆಂದರೆ ಪುಟ್ಟಿಯ ಕಾಲು ನೆಲ ಬಿಟ್ಟಿತು. ಬಿದ್ದವಳ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಬಂತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ಅಳಲಿಲ್ಲ.

ಸೊಸೆ ಎದ್ದದ್ದು ಅಜ್ಜಿಗೆ ಕಾಣಲೇ ಇಲ್ಲ. ಅವಳ ಕಣ್ಣು ಮಾತ್ರ ಕಂಡಿತು. ಬೀದಿ ಬಾಗಿಲಿಗೆ ಅವನು ಅಡ್ಡ. ಮಲಗುವ ಕೋಣೆಗೆ ಚಿಲಕವಿಲ್ಲ. ಅಡುಗೆಮನೆಯಲ್ಲಿ ಅತ್ತೆ. ಆ ಕಣ್ಣು ಅತ್ತೆಯ ಮೇಲೆ ಒಂದು ಗಳಿಗೆ ನಿಂತು, ಅಲ್ಲಿ ಏನೂ ಸಿಗದೆ, ಮುಂದಕ್ಕೆ ಹೋಯಿತು. ಸೊಸೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ದೊರೆಯ ಗೂಡಿಗೆ ನುಗ್ಗಿ ಬಾಗಿಲು ಎಳೆದು ಒಳಚಿಲಕ ಜಡಿದಳು.

ಅವನು ಬಾಗಿಲು ಹಿಡಿದು ಜಗ್ಗಿದ. ಕಾಲು ಕೊಟ್ಟು ಜಗ್ಗಿದ. ಆಮೇಲೆ ಸುತ್ತಿಗೆ ತಂದು ಚಿಲಕ ಕೂತಿದ್ದ ಕಡೆ ಹೊಡೆದ, ಕೀಲಿಗೆ ಹೊಡೆದ, ಮೂಲೆಗಳಿಗೆ ಹೊಡೆದ. ಇಡೀ ಗೂಡು ಗಂಟೆಯ ಹಾಗೆ ಮೊಳಗಿತು. ಒಂದು ಬೆಸುಗೆಯೂ ಬಿಡಲಿಲ್ಲ. ಒಳಗೆ ದೊರೆ ಹುಚ್ಚೆದ್ದು ಗೋಡೆಯಿಂದ ಗೋಡೆಗೆ ಹಾರುತ್ತ ಬಾಲವನ್ನು ಚಾಟಿಯ ಹಾಗೆ ಬೀಸುತ್ತಿತ್ತು. ಸೊಸೆ ಮಗಳ ಮುಖವನ್ನು ಎದೆಗೆ ಒತ್ತಿಕೊಂಡು ಬೆನ್ನು ಕೊಟ್ಟು ಕೂತಳು. ಅವಳ ರವಿಕೆಯ ಬೆನ್ನು ಹರಿದು ಬಾಸುಂಡೆ ಎದ್ದವು, ಉಗುರು ಗೀರಿದ ಕಡೆ ರಕ್ತ ಇಳಿಯಿತು.

"ದೊರೆ ಹೆದರ್ತಿದಾನೆ, ಹೊರಗೆ ಬಾರೇ" ಎಂದು ಅವನು ಕಿರುಚಿದ. "ಅವನಿಗೆ ಹುಷಾರಿಲ್ಲ. ಬಾ ಹೊರಗೆ."

ಅವನು ಜಗುಲಿಗೆ ಹೋಗಿ ಕಬ್ಬಿಣ ಕೊಯ್ಯುವ ಮಿಷನ್ನು ತಂದ. ಅದರ ಚಕ್ರಕ್ಕೆ ಪೈಪು ಯಾವ ಲೆಕ್ಕ. ಅವನು ವೈರು ಬಿಚ್ಚಿ ಪ್ಲಗ್ಗು ಹಾಕಿದ, ಚಕ್ರ ಒಮ್ಮೆ ಕಿರ್ರೆಂದಿತು. ಅಷ್ಟರಲ್ಲಿ ನಿಂತುಹೋಯಿತು. ಹಾಡೂ ನಿಂತುಹೋಯಿತು.

ಫ್ಯೂಸು ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ಅಜ್ಜಿ ಅದನ್ನು ಕಿತ್ತು, ಎಲ್ಲಿಡಬೇಕೆಂದು ತೋಚದೆ, ಕುದಿಯುವ ಅನ್ನದ ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿ, ಅದರ ಮುಂದೆ ನಿಂತಿದ್ದಳು.

"ಫ್ಯೂಸು ಕೊಡು."

"ಕೊಡಲ್ಲ."

"ಅಮ್ಮ, ನನ್ನ ತಲೆ ಕೆಟ್ಟಿದೆ."

"ನಿನ್ನ ತಲೆ ಯಾವತ್ತೂ ಕೆಟ್ಟಿರಲಿಲ್ಲ ಕಣೋ" ಎಂದಳು ಅಜ್ಜಿ. "ಗೂಡಿನ ಒಂದೊಂದು ಅಂಚಿಗೂ ಕೆನ್ನೆ ಉಜ್ಜಿ ನೋಡಿದೀಯ. ಎಲ್ಲಿ ಮೆತ್ತಗಿರಬೇಕು ಅಂತ ನಿನಗೆ ಚೆನ್ನಾಗಿ ಗೊತ್ತು."

ಅವನು ಅವಳ ಎಡಗೈ ಹಿಡಿದು ತಿರುಚಿದ. ಒಣ ಕಡ್ಡಿ ಮುರಿದ ಸದ್ದು ಅವಳಿಗೇ ಕೇಳಿಸಿತು. ಅವಳು ಕೆಳಗೆ ಕುಸಿಯುವಾಗ ಕಣ್ಣು ಪಾತ್ರೆಯ ಕಡೆ ಹೋಯಿತು, ಅವನಿಗೆ ಅಷ್ಟು ಸಾಕಾಯಿತು. ಮುಚ್ಚಳ ಎಸೆದು, ಸುಡುವ ಸಲಾಕೆಯನ್ನು ಬರಿಗೈಯಲ್ಲಿ ಹಿಡಿಯುವವನು ಎಂಬ ಅದೇ ಹಮ್ಮಿನಲ್ಲಿ, ಕುದಿಯುವ ಗಂಜಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ. ಕಬ್ಬಿಣ ಹಿಡಿದು ಮರಗಟ್ಟಿದ್ದು ಅಂಗೈ ಮಾತ್ರ. ಕೈಯ ಹಿಂಬದಿ, ಮಣಿಕಟ್ಟು, ಮುಂಗೈ ಎಲ್ಲರದ್ದರಂತೆಯೇ ಇತ್ತು. ಅವನ ಚೀರು ಇಡೀ ಬೀದಿಗೆ ಕೇಳಿತು. ಅದನ್ನು ಮುಚ್ಚಲು ರೇಡಿಯೋದಲ್ಲಿ ಹಾಡಿರಲಿಲ್ಲ.

ಪಾತ್ರೆ ಉರುಳಿ ಅನ್ನ ನೆಲವೆಲ್ಲ ಹರಡಿತು. ಅವನು ಕೈ ಝಾಡಿಸುತ್ತ ನಲ್ಲಿಯ ಕಡೆ ಓಡಿದ. ಅಷ್ಟರಲ್ಲಿ ಇಸ್ತ್ರಿಯವಳು ಬಾಗಿಲಲ್ಲಿದ್ದಳು, ಅವಳ ಹಿಂದೆ ಅವಳ ಗಂಡ, ಎದುರು ಮನೆಯವರು, ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯ ಸಮೇತ. ಯಾರಿಗೂ ಏನಾಯಿತೆಂದು ಕೇಳಬೇಕಾಗಿ ಬರಲಿಲ್ಲ. ಕಬ್ಬಿಣದ ಜಾಲರಿಯ ಹಿಂದೆ ತಾಯಿ ಮಗಳು ಕೂತಿದ್ದರು, ನೆಲದ ಮೇಲೆ ಮುದುಕಿ ಕೂತಿದ್ದಳು.

"ಅತ್ತೆ" ಎಂದು ಗೂಡೊಳಗಿಂದ ದನಿ ಬಂತು. "ಹೋದರಾ?"

"ಇನ್ನೂ ಇಲ್ಲೇ ಇದಾನೆ. ತೆಗಿಬೇಡ. ನಾನು ಹೇಳೋವರೆಗೂ ತೆಗಿಬೇಡ" ಎಂದಳು ಅಜ್ಜಿ. ಸೊಸೆಗೆ ಸುಮ್ಮನಿರು ಎನ್ನದೆ ಅವಳು ಹೇಳಿದ ಮೊದಲ ಬುದ್ಧಿಮಾತು ಅದು.

ತಾಯಿ, ಮಗ ಇಬ್ಬರನ್ನೂ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಎರಡು ಬೆಂಚಿನ ಮೇಲೆ ಕೂರಿಸಿದರು. ಅವನ ಕೈಗೆ ಬಟ್ಟೆ ಸುತ್ತಿದ್ದರು. ವಯಸ್ಸಾದ ಡಾಕ್ಟರು ಅಜ್ಜಿಯ ಮಣಿಕಟ್ಟು ಹಿಡಿದು ಏನಾಯಿತೆಂದು ಕೇಳುವ ಮೊದಲೇ ಮಗ ಉತ್ತರ ಕೊಟ್ಟ.

"ಅಡುಗೆಮನೇಲಿ ಜಾರಿಬಿಟ್ಲು ಡಾಕ್ಟ್ರೇ. ಹಿಡಿಯೋಕೆ ಹೋಗಿ ನಾನೂ ಕೈ ಸುಟ್ಕೊಂಡೆ."

ಅವನು ತಾಯಿಯ ಕಡೆ ನೋಡಿದ. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿ, ಅಪ್ಪನ ಮುಂದೆ ಕಾಪಾಡು ಎಂದು ನೋಡುತ್ತಿದ್ದ ನೋಟ ಅದೇ. ಇಂಥ ಹೊತ್ತಿಗೆ ಬೇಕಾದ ಮಾತು ಅವಳಿಗೆ ಬಾಯಿಪಾಠವಾಗಿತ್ತು.

"ನಾನು ಜಾರಿಲ್ಲ" ಎಂದಳು. "ಇವನು ನನ್ನ ಮಗ. ಇವನೇ ಮುರಿದದ್ದು. ಹೊರಗೆ ಬೆಂಚಿನ ಮೇಲೆ ನನ್ನ ಸೊಸೆ ಇದಾಳೆ, ಮೊಮ್ಮಗಳಿದಾಳೆ, ಅವರನ್ನೂ ನೋಡಿ. ಹಿಂದೊಂದು ಸಲ ಸೊಸೆ ಬಚ್ಚಲಲ್ಲಿ ಜಾರಿದಳು ಅಂತ ನಾನು ಇಲ್ಲೇ ನಿಮಗೆ ಹೇಳಿದ್ದೆ. ಅದೂ ಸುಳ್ಳು. ಪೊಲೀಸರು ಬರೋ ಹಾಗಿದ್ರೆ ಬರಲಿ, ಅವರಿಗೂ ಇದನ್ನೇ ಹೇಳ್ತೀನಿ."

ಹೇಳಿದಳು ಕೂಡ. ಮನೆ ಯಾರ ಹೆಸರಲ್ಲಿದೆ ಎಂದು ಅವರು ಕೇಳಿದಾಗ, ನನ್ನ ಹೆಸರಲ್ಲಿದೆ, ಇವನು ಅಲ್ಲಿ ಕಾಲಿಡಕೂಡದು ಎಂದಳು. ಮಗ ಕೆಲವು ದಿನ ಒಳಗಿದ್ದು ಹೊರಬಂದು ಕಾರ್ಖಾನೆಯಲ್ಲೇ ಉಳಿದುಕೊಂಡ. ಮನೆಯ ಬೀದಿಗೆ ಬರಬಾರದೆಂದು ಕೋರ್ಟಿನವರು ಅವನಿಗೆ ಬರೆದು ಕೊಟ್ಟಿದ್ದರು.

ಅತ್ತೆ ಸೊಸೆ ಒಮ್ಮೆಲೇ ತಾಯಿ ಮಗಳಾಗಿಬಿಡಲಿಲ್ಲ. ವಾರಗಟ್ಟಲೆ ಇಬ್ಬರ ನಡುವೆ ಅನ್ನ, ಔಷಧಿ, ನೀರು ಬಿಟ್ಟು ಬೇರೆ ಮಾತಿಲ್ಲ. ಒಂದು ಬೆಳಗ್ಗೆ ಸೊಸೆ ಸೊಪ್ಪು ಹೆಚ್ಚುತ್ತ, "ತಗಡು ಸುಡ್ತಿದ್ದದ್ದು ನಿಮಗೂ ಗೊತ್ತಿತ್ತಲ್ಲ ಅತ್ತೆ. ನಿಮ್ಮ ಮೊಣಕೈಯಲ್ಲಿ ಕೆಂಪಗಿತ್ತು, ನಾನು ನೋಡಿದ್ದೆ" ಎಂದಳು.

"ಗೊತ್ತಿತ್ತು."

"ಮತ್ತೆ?"

"ಮತ್ತೇನಿಲ್ಲ ಕಣೇ. ಗೊತ್ತಿತ್ತು, ಹೇಳಲಿಲ್ಲ." ಅಜ್ಜಿ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ದಂಟಿನ ನಾರು ತೆಗೆಯುತ್ತಿದ್ದಳು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ ಅದು ಎಂದು ಸೊಸೆ ಸೊಪ್ಪಿನ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು.

ಮಿಷನ್ನಿನ ಮೇಜು ಅಂದು ಬಿದ್ದಾಗ ಅದರ ಪಕ್ಕದ ಹಲಗೆ ಕಿತ್ತುಬಂದಿತ್ತು. ಸೊಸೆ ತಗಡನ್ನು ಬಿಚ್ಚಿಸಿ ಹಾಕಿ ಆ ಹಲಗೆಯನ್ನೇ ಅಟ್ಟಣೆ ಮಾಡಿದಳು, ಬಲ್ಬನ್ನು ಜಾಲರಿಯ ಹೊರಗೆ ತೂಗುಹಾಕಿಸಿದಳು. ಮತ್ತೆ ಮಿಷನ್ನಿಗೆ ಕೂತು ಮೊದಲು ಹೊಲಿದ ಅಂಗಿಗಳ ದುಡ್ಡಿನಲ್ಲಿ ಒಂದು ಥರ್ಮಾಮೀಟರ್ ತಂದಳು. ದೊರೆ ಮತ್ತೆ ಮೇಲೆ ಹತ್ತಿತು, ಕುಂಬಳಕಾಯಿ ಬಾಯಿಗೆ ಹಾಕಿತು. ಗೂಡನ್ನು ಹೊರಗೆ ಹಾಕೋಣವೆಂದರೆ ಅದು ಬಾಗಿಲಲ್ಲಿ ತೂರುವುದಿಲ್ಲ, ಕೊಯ್ದೇ ತೆಗೆಯಬೇಕು. ಪುಟ್ಟಿ ಕೊಯ್ಯಲು ಬಿಡಲಿಲ್ಲ. ಹೆದರಿಕೆಯಾದ ದಿನ ಅವಳು ಪುಸ್ತಕ ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡು ಓದುತ್ತಿದ್ದಳು. ಕೊನೆಗೆ ಗೂಡನ್ನು ಸ್ವಲ್ಪ ಜರುಗಿಸಿ ಕಿಟಕಿಯ ಅರ್ಧ ಬೆಳಕನ್ನು ಮಿಷನ್ನಿಗೆ ಬಿಡಿಸಿಕೊಂಡರು.

ಮಗ ಒಂದು ದಿನ ಬಂದ. ಬರಬಾರದಿತ್ತು, ಬಂದ. ತಾನೇ ಮಾಡಿದ್ದ ಗೇಟಿನ ಆಚೆ ನಿಂತಿದ್ದ. ಬಲಗೈಯ ತೊಗಲು ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತ್ತು, ಮೈ ಇಳಿದಿತ್ತು. ಅಜ್ಜಿ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ.

"ದೊರೆ ಹೇಗಿದಾನೆ ಅಮ್ಮ?"

"ಹೊಟ್ಟೆ ಮಾಗಿದೆ. ತಿಂತಿದಾನೆ."

ಅವನ ಮುಖ ಅರಳಿತು. ಅಜ್ಜಿ ಕಾದಳು. ಇನ್ನೂ ಎರಡು ಹೆಸರು ಅವನು ಕೇಳಬೇಕಿತ್ತು, ಒಂದನ್ನಾದರೂ ಕೇಳಿದ್ದರೆ ಅವಳು ಏನು ಮಾಡುತ್ತಿದ್ದಳೋ ಹೇಳಲಾಗದು. ಅವನು ಗೇಟಿನ ಕೀಲು ಅಲ್ಲಾಡಿಸಿ ನೋಡಿ, ಎಣ್ಣೆ ಬಿಡಬೇಕು ಇದಕ್ಕೆ ಎಂದ.

"ನಾವು ಬಿಡ್ತೀವಿ" ಎಂದು ಹೇಳಿ ಅಜ್ಜಿ ಒಳಗೆ ಹೋದಳು.

ಮರುದಿನ ಬಡಗಿಯನ್ನು ಕರೆಸಿ ಮಲಗುವ ಕೋಣೆಯ ಚಿಲಕ ಸರಿಮಾಡಿಸಿದಳು. ಬೀದಿ ಬಾಗಿಲಿಗೂ ಹೊಸದೊಂದು ಹಾಕಿಸಿದಳು.

ಅಜ್ಜಿಯ ಎಡ ಮಣಿಕಟ್ಟು ಆಮೇಲೆ ಪೂರ್ತಿ ತಿರುಗಲಿಲ್ಲ. ಸೊಸೆಗೆ ಎಡಗಿವಿ ಮಂದವಾಗೇ ಉಳಿಯಿತು, ಪುಟ್ಟಿಗೆ ಹೋದ ಹಲ್ಲು ಹಾಲುಹಲ್ಲಲ್ಲ. ಒಬ್ಬನೇ ಮಗ ಹೋದ. ಮನೆಯಲ್ಲಿ ಈಗ ಒಳಗಿನಿಂದ ಹಾಕಿಕೊಳ್ಳುವ ಮೂರು ಚಿಲಕಗಳಿವೆ.